ಎರಡಾದರೇನು, ಮೂರಾದರೇನು

ಮಾರ್ಚ್ ೪, ಸೋಮವಾರ

ಇವತ್ತು ಮಾವ ಎಲ್ಲರೆದುರು ಅವಳನ್ನು "ಮಗಳೇ" ಅಂದರು.

ನಾನು ಈ ಮನೆಗೆ ಸೊಸೆಯಾಗಿ ಬಂದು ಹದಿನೇಳು ವರ್ಷ. ಮಾವನ ರಿಪೇರಿ ಅಂಗಡಿಯ ಎರಡನೇ ಮೇಜಿನಲ್ಲಿ ಕೂತು ಬೆಸುಗೆ ಹಾಕುತ್ತ ಹದಿನಾರು. ಇಷ್ಟು ವರ್ಷವೂ ನಾನು "ನೋಡಮ್ಮ" ಆಗಿಯೇ ಇದ್ದೇನೆ. ನೋಡಮ್ಮ, ಈ ಬೋರ್ಡು ಸುಟ್ಟಿದೆ. ನೋಡಮ್ಮ, ಗಿರಾಕಿ ಬಂದ್ರು. ಅವಳು ಬಂದು ಎಂಟು ತಿಂಗಳಾಗಿಲ್ಲ, ಮಗಳಾಗಿಬಿಟ್ಟಳು.

ಅವಳೆಂದರೆ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಎಲೆಕ್ಟ್ರಾನಿಕ್ಸ್ ಓದಿದವಳು. ಈ ಪುಸ್ತಕದಲ್ಲಿ ಅವಳ ಹೆಸರು ಕಾಲೇಜು. ಎದುರಿಗೂ ಹೆಸರು ಹಿಡಿದು ಕರೆಯುವುದನ್ನು ಆದಷ್ಟು ತಪ್ಪಿಸುತ್ತೇನೆ. "ಏ, ಇಲ್ನೋಡು" ಅಂದರೆ ಕೆಲಸ ನಡೆಯುತ್ತದೆ.

ಮಗಳೇ ಅನ್ನಿಸಿಕೊಳ್ಳುವಂಥದ್ದು ಏನು ಮಾಡಿದಳು? ನಮ್ಮಲ್ಲಿಗೆ ಬರುವುದೆಲ್ಲ ಪವರ್ ಸಪ್ಲೈ ಬೋರ್ಡುಗಳು, ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದಷ್ಟಕ್ಕೆ ಇಳಿಸಿ ಕೊಡುವಂಥವು. ಅದರಲ್ಲಿ ಐಸಿ ಅನ್ನುವ ಎಂಟು ಕಾಲಿನ ಒಂದು ಪುಟ್ಟ ಕಪ್ಪು ಚಿಪ್ ಇರುತ್ತದೆ, ಬೋರ್ಡಿಗೆಲ್ಲ ಅದೇ ಯಜಮಾನ. ಕಾಲೇಜು ಅದರ ಹೊಟ್ಟೆಯೊಳಗೆ ಏನೇನಿದೆ ಎಂದು ಮಾವನಿಗೆ ಚಿತ್ರ ಬರೆದು ವಿವರಿಸಿದಳು. ಅಷ್ಟೇ. ನಾನು ಬೋರ್ಡು ಬಂದರೆ ಮೂರು ಬದಲಿಸುತ್ತೇನೆ: ಕೆಪಾಸಿಟರ್, ದೊಡ್ಡ ಟ್ರಾನ್ಸಿಸ್ಟರ್, ಆ ಐಸಿ. ಹತ್ತರಲ್ಲಿ ಒಂಬತ್ತು ಎದ್ದು ಕೂರುತ್ತವೆ. ಹೊಟ್ಟೆಯೊಳಗೆ ಕರುಳು ಎಷ್ಟು ಸುತ್ತು ಇದೆ ಎಂದು ತಿಳಿದುಕೊಂಡೇ ಯಾರಾದರೂ ಊಟಕ್ಕೆ ಕೂರುತ್ತಾರಾ?

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು," ಅಂದೆ, ಅವಳಿಗೆ ಕೇಳಿಸಲಿ ಅಂತಲೇ. ಅವಳು ನಕ್ಕಳು. ಚುಚ್ಚಿದ್ದು ತಿಳಿಯದೆ ನಕ್ಕಳೋ, ತಿಳಿದೂ ನಕ್ಕಳೋ. ಎರಡೂ ನನಗೆ ಹಿಡಿಸಲಿಲ್ಲ.

ಮಾರ್ಚ್ ೬, ಬುಧವಾರ

ಊಟದ ಹೊತ್ತಿನಲ್ಲಿ ಮಾವ ಬಾಂಬು ಹಾಕಿದರು. "ಕಣ್ಣು ಸೋತು ಹೋಗಿದೆ. ತಿಂಗಳ ಕೊನೆಗೆ ಮೊದಲನೇ ಮೇಜು ಬಿಟ್ಕೊಡ್ತೀನಿ. ಯಾರಿಗೆ ಅಂತ ಆಮೇಲೆ ಹೇಳ್ತೀನಿ." ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೈ ತೊಳೆದುಕೊಂಡು ಎದ್ದರು.

ಮೊದಲನೇ ಮೇಜು ಕಿಟಕಿಯ ಪಕ್ಕದ್ದು. ಅಲ್ಲಿ ಭೂತಗನ್ನಡಿಯ ದೀಪವಿದೆ, ಕೈ ಇರುವ ಕುರ್ಚಿಯಿದೆ. ಯಾವ ಬೋರ್ಡನ್ನು ಯಾರು ನೋಡಬೇಕೆಂದು ಅಲ್ಲಿ ಕೂತವರು ಹೇಳುತ್ತಾರೆ. ಗಿರಾಕಿಗಳು ಮಾತಾಡುವುದು ಅವರ ಹತ್ತಿರ. ಹದಿನಾರು ವರ್ಷ ಕೈಯಿಲ್ಲದ ಸ್ಟೂಲಿನ ಮೇಲೆ ಕೂತು ಆ ಕುರ್ಚಿಯ ಬೆನ್ನು ನೋಡಿದ್ದೇನೆ.

ಇವರಿಗೆ ಹೇಳಿದರೆ, "ಯಾರು ಕೂತ್ರೆ ಏನೇ, ಅಂಗಡಿ ಒಂದೇ ಅಲ್ವಾ?" ಅಂದರು. ನನ್ನ ಗಂಡ ವ್ಯಾನಿನಲ್ಲಿ ಬೋರ್ಡುಗಳನ್ನು ತಂದು ಕೊಟ್ಟು ಮಾಡುವವರು. ದಿನವಿಡೀ ಅವರದೇ ಸೀಟು, ಅವರದೇ ಸ್ಟೀರಿಂಗು. ಅವರಿಗೆ ಹೇಗೆ ಗೊತ್ತಾಗಬೇಕು?

ಮಾರ್ಚ್ ೯, ಶನಿವಾರ

ಇವತ್ತು ಒಂದು ಬಿಕ್ಕಳಿಕೆ ಬೋರ್ಡು ಬಂತು. ಕರೆಂಟು ಕೊಟ್ಟರೆ ಟಿಕ್ ಎಂದು ಏಳುತ್ತದೆ, ಸಾಯುತ್ತದೆ, ಮತ್ತೆ ಟಿಕ್. ನಾವು ಅದಕ್ಕೆ ಬಿಕ್ಕಳಿಕೆ ಅನ್ನುತ್ತೇವೆ. "ಯಾರೋ ನೆನೆಸ್ಕೊಳ್ತಿದಾರೆ ಇದನ್ನ," ಎಂದು ಮಾವ ಪ್ರತಿ ಸಲ ಅದೇ ಜೋಕು ಹೊಡೆಯುತ್ತಾರೆ, ನಾವು ಪ್ರತಿ ಸಲ ನಗುತ್ತೇವೆ.

ಕೆಲವು ಬೇಗ ಬೇಗ ಬಿಕ್ಕುತ್ತವೆ, ಕೆಲವು ತಡೆದು ತಡೆದು. ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ಏನು ಕೇಳುತ್ತೇನೆ ಎಂದು ಹೇಳಲು ಬರುವುದಿಲ್ಲ, ಆದರೆ ಕೈ ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ. ಇವತ್ತೂ ಹೋಯಿತು. ಹತ್ತು ನಿಮಿಷದ ಕೆಲಸ.

ತಿರುಗಿ ನೋಡಿದರೆ ಕಾಲೇಜು ನನ್ನ ಹಿಂದೆ ನಿಂತು ನನ್ನ ಹಾಗೆಯೇ ಕಣ್ಣು ಮುಚ್ಚಿ ತಲೆ ವಾಲಿಸಿದ್ದಳು. ಅಣಕ! ಮೈ ಉರಿದುಹೋಯಿತು. "ನಿದ್ದೆ ಬಂದ್ರೆ ಮನೆಗೆ ಹೋಗು," ಅಂದೆ.

ಮನೆಗೆ ಬಂದರೆ ಮಗಳದ್ದು ಬೇರೆ. "ಅಮ್ಮಾ, ಲೆಕ್ಕ ಚಿಕ್ಕಮ್ಮನೇ ಹೇಳಿಕೊಡ್ಲಿ, ನೀನು ಬಯ್ತೀಯ." ಕಾಲೇಜು ಮಾವನನ್ನು ಕಿತ್ತುಕೊಂಡಳು, ಸಾಲದೆಂದು ಇವಳನ್ನೂ.

ಮಾರ್ಚ್ ೧೨, ಮಂಗಳವಾರ

ಹಲ್ಲಿನ ಡಾಕ್ಟರು ತಾವೇ ಬೋರ್ಡು ಹಿಡಿದುಕೊಂಡು ಬಂದರು. ಅವರ ಕುರ್ಚಿ ಕೆಟ್ಟಿದೆಯಂತೆ. "ಒರಗಿಸಿದ್ ಮೇಲೆ ಏಳ್ತಾನೇ ಇಲ್ಲ ಸಾರ್. ನಿನ್ನೆ ಪೇಷೆಂಟನ್ನ ಇಬ್ಬರು ಸೇರಿ ಎಳೆದು ಎಬ್ಬಿಸಿದ್ವಿ."

ಮಾವ ಅದನ್ನು ನನಗೆ ಕೊಡಲಿಲ್ಲ. "ಮಗಳೇ, ಇದು ನಿಂದು," ಅಂದರು. ಒಂದು ಕುರ್ಚಿ ರಿಪೇರಿ ಮಾಡಿ ಇನ್ನೊಂದು ಕುರ್ಚಿ ಹಿಡಿಯಲಿ ಅಂತ ಇರಬೇಕು.

ಐಸಿ ಸಿಡಿದು ಎರಡು ಹೋಳಾಗಿತ್ತು. ಅವಳು ನನ್ನ ಹತ್ತಿರ ಬಂದು, "ಅಕ್ಕಾ, ಮೂರರದ್ದು ಬೇಕಿತ್ತು, ನಿಮ್ಮ ಡಬ್ಬಿಯಿಂದ ತಗೊಳ್ಳಾ?" ಅಂದಳು. ಈ ಐಸಿಗಳ ನಂಬರು ಉದ್ದುದ್ದ. ಕೊನೆಯ ಅಂಕೆಯಷ್ಟೇ ಬೇರೆ, ಕೆಲವದ್ದು ಎರಡು, ಕೆಲವದ್ದು ಮೂರು. ಅಷ್ಟು ಸಣ್ಣ ಅಕ್ಷರ ದಿನಾ ಓದುವವರು ಯಾರು? ಹೊಸ ಐಸಿ ಬಂದ ದಿನವೇ ಬೆನ್ನಿಗೆ ಉಗುರಿನ ಬಣ್ಣದಲ್ಲಿ ಬೊಟ್ಟು ಇಡುತ್ತೇನೆ. ಎರಡಕ್ಕೆ ಕೆಂಪು, ಮೂರಕ್ಕೆ ಗುಲಾಬಿ. ಮಾತ್ರೆಯ ಖಾಲಿ ಡಬ್ಬಿಗಳಲ್ಲಿ ಬೇರೆ ಬೇರೆ ಇಡುತ್ತೇನೆ. ಬೊಟ್ಟಿನಡಿ ನಂಬರು ಮುಚ್ಚಿಹೋಗುತ್ತದೆ, ಹೋಗಲಿ.

"ತಗೋ," ಅಂದೆ. ಗುಲಾಬಿ ಬೊಟ್ಟಿನದೊಂದು ತೆಗೆದುಕೊಂಡು ಹೋದಳು.

ಮಾರ್ಚ್ ೧೪, ಗುರುವಾರ

ಕಾಲೇಜಿನ ಬೋರ್ಡು ಬಿಕ್ಕುತ್ತಿದೆ! ಎರಡು ದಿನದಿಂದ ಟಿಕ್, ಟಿಕ್. ತಡೆದು ತಡೆದು. ಅಲೆ ತೋರಿಸುವ ಸ್ಕೋಪನ್ನು ಪರದೆ ಹೋಯಿತೆಂದು ರಿಪೇರಿಗೆ ಕಳಿಸಿದ್ದೇವೆ (ವೈದ್ಯನಿಗೇ ಜ್ವರ), ಮೀಟರಿನ ಅಂಕೆಗಳು ಕುಣಿಯುತ್ತವೆಯೇ ಹೊರತು ನಿಲ್ಲುವುದಿಲ್ಲ. ಒಂದೊಂದೇ ಭಾಗ ಬಿಚ್ಚಿ ಅಳೆದು ಮತ್ತೆ ಹಾಕುತ್ತಿದ್ದಾಳೆ. ಕಾಗದದ ತುಂಬ ಲೆಕ್ಕ.

ಇವತ್ತು ಎರಡು ತುತ್ತು ಜಾಸ್ತಿಯೇ ಉಂಡೆ.

ಮಾರ್ಚ್ ೧೫, ಶುಕ್ರವಾರ

ಕಾಲೇಜು ಊಟಕ್ಕೆ ಎದ್ದಾಗ ಅವಳ ಕಾಗದಗಳನ್ನು, ಐಸಿಯ ವಿವರವಿರುವ ಇಂಗ್ಲಿಷ್ ಹಾಳೆಗಳನ್ನೂ ಸೇರಿಸಿ, ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದೆ. ಕಳ್ಳತನವಲ್ಲ, ಮೂಲವನ್ನು ವಾಪಸ್ಸು ಇಟ್ಟಿದ್ದೇನೆ. ಅವಳಿಗೆ ಬರದ್ದನ್ನು ಅವಳದೇ ಓದಿನಿಂದ ನಾನು ಕಂಡುಹಿಡಿದರೆ ಮಾವನ ಮುಖ ಹೇಗಿರುತ್ತದೆ ನೋಡಬೇಕು.

ಸಂಜೆ ಮಗಳನ್ನು ಕೂರಿಸಿಕೊಂಡು ಓದಿಸಿದೆ. ಅವಳಿಗೆ ಇಂಗ್ಲಿಷ್ ಅಕ್ಷರ ಬರುತ್ತದೆ, ಅರ್ಥ ಬರುವುದಿಲ್ಲ. ನನಗೆ ಉಲ್ಟಾ, ವಸ್ತು ಗೊತ್ತು, ಹೆಸರು ಗೊತ್ತಿಲ್ಲ. ಕುರುಡನ ಹೆಗಲ ಮೇಲೆ ಕುಂಟ. ಎರಡು ಗಂಟೆ ಹಿಡಿಯಿತು.

ಐಸಿಯೊಳಗೆ ಒಂದು ಗಡಿಯಾರವಿದೆ. ಸೆಕೆಂಡಿಗೆ ಹತ್ತಾರು ಸಾವಿರ ಸಲ ಬಡಿಯುತ್ತದೆ. ಬಡಿದಾಗಲೆಲ್ಲ ದೊಡ್ಡ ಟ್ರಾನ್ಸಿಸ್ಟರಿಗೆ "ತೆರೆ" ಅನ್ನುತ್ತದೆ. ಕರೆಂಟು ಏರುತ್ತ ಹೋಗಿ ಸಾಕೆನಿಸಿದ ಕೂಡಲೇ "ಮುಚ್ಚು". ಒಮ್ಮೆ ಮುಚ್ಚಿದರೆ ಒಳಗಿನ ಚಿಲಕ ಬಿತ್ತು. ಮುಂದಿನ ಬಡಿತದವರೆಗೆ ಯಾರು ಬಂದು ಕೂಗಿದರೂ ತೆರೆಯುವುದಿಲ್ಲ. ನಾನು ಇಷ್ಟು ವರ್ಷ ಅಂದುಕೊಂಡಿದ್ದು, ನಲ್ಲಿಯನ್ನು ಅರ್ಧ ತಿರುಗಿಸಿದ ಹಾಗೆ ಕರೆಂಟನ್ನು ಸಣ್ಣಗೆ ಬಿಡುತ್ತದೆ ಎಂದು. ಅಲ್ಲವೇ ಅಲ್ಲ! ನಲ್ಲಿ ಇದ್ದರೆ ಪೂರ್ತಿ ತೆರೆದಿರುತ್ತದೆ, ಇಲ್ಲದಿದ್ದರೆ ಪೂರ್ತಿ ಮುಚ್ಚಿರುತ್ತದೆ. ಎಷ್ಟು ಹೊತ್ತು ತೆರೆದಿತ್ತು ಅನ್ನುವುದರಲ್ಲೇ ಎಲ್ಲ ಇದೆ. ಒಕ್ಕಾಲು ಹೊತ್ತು ತೆರೆದು ಮುಕ್ಕಾಲು ಹೊತ್ತು ಮುಚ್ಚಿದರೂ ಯಂತ್ರ ನಡೆಯುತ್ತದೆ. ಒಕ್ಕಾಲು, ಮುಕ್ಕಾಲು! ಅವಳಿಗೆ ಚುಚ್ಚಲು ಆಡಿದ ಗಾದೆ ಈ ಐಸಿಯ ಜಾತಕವೇ ಆಗಿದೆ. ಒಬ್ಬಳೇ ನಕ್ಕೆ. ಯಾರಿಗಾದರೂ ಹೇಳೋಣವೆಂದರೆ ಇದು ಅರ್ಥವಾಗುವವಳು ಮನೆಯಲ್ಲಿ ಒಬ್ಬಳೇ.

ಇನ್ನೊಂದಿದೆ. "ಸಾಕು" ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಎರಡೂವರೆ ವೋಲ್ಟನ್ನು ಒಳಗೇ ಅಳತೆಗೆ ಇಟ್ಟುಕೊಂಡಿರುತ್ತದೆ. ಹೊರಗಿನಿಂದ ಬಂದದ್ದನ್ನು ಅದಕ್ಕೆ ಹೋಲಿಸುತ್ತದೆ. ಹೆಚ್ಚೋ ಕಡಿಮೆಯೋ, ದಿನವಿಡೀ ಅದೇ ಉದ್ಯೋಗ. ಹೋಲಿಸಿ ನೋಡುವುದೇ ಕೆಲಸವಾದರೆ ನಾನೂ ಒಳ್ಳೆಯ ಐಸಿಯೇ. ಅದರ ಅಳತೆ ಅದರೊಳಗಿದೆ, ನನ್ನದು ಪಕ್ಕದ ಮೇಜಿನಲ್ಲಿ ಕೂತಿದೆ.

ಮಾರ್ಚ್ ೧೬, ಶನಿವಾರ

ಗೊತ್ತಾಯಿತು. ಗೊತ್ತಾಗದೇ ಇದ್ದರೆ ಚೆನ್ನಾಗಿತ್ತು.

ಕೊನೆಯ ಹಾಳೆಯಲ್ಲಿ ಒಂದು ಪಟ್ಟಿಯಿದೆ. ಐಸಿಗೆ ತನ್ನ ಹೊಟ್ಟೆಪಾಡಿಗೇ ಒಂದಿಷ್ಟು ವೋಲ್ಟು ಬೇಕು. ಎರಡರದ್ದು ಹದಿನಾರು ವೋಲ್ಟು ಸಿಕ್ಕಿದ ಮೇಲೆ ಏಳುತ್ತದೆ, ಹತ್ತಕ್ಕಿಂತ ಇಳಿದರೆ ಮಲಗುತ್ತದೆ. ಮೂರರದ್ದು ಎಂಟೂ ಚಿಲ್ಲರೆಗೆ ಎದ್ದು ಏಳೂವರೆಯವರೆಗೂ ತಡೆದುಕೊಳ್ಳುತ್ತದೆ. ಮೂರರ ಬೋರ್ಡು ತನ್ನ ಐಸಿಗೆ ಒಂಬತ್ತೂ ಚಿಲ್ಲರೆ ವೋಲ್ಟಷ್ಟೇ ಕೊಡುತ್ತದೆ, ಅದಕ್ಕೆ ಅಷ್ಟು ಸಾಕು. ಅಲ್ಲಿ ಎರಡರದ್ದನ್ನು ಹಾಕಿದರೆ? ಕಷ್ಟಪಟ್ಟು ಹದಿನಾರಕ್ಕೆ ಹತ್ತಿ ಏಳುತ್ತದೆ, ಊಟ ಸಾಲದೆ ಹತ್ತಕ್ಕೆ ಇಳಿದು ಮಲಗುತ್ತದೆ, ಮತ್ತೆ ಹತ್ತುತ್ತದೆ. ಬಿಕ್ಕಳಿಕೆ ಅಂದರೆ ಇದೇ. ಮೂರರದ್ದು ಬಿಕ್ಕಿದರೆ ಹತ್ತಬೇಕಾದ್ದು ಒಂದೇ ಮೆಟ್ಟಿಲು, ಬೇಗ ಬೇಗ ಬಿಕ್ಕಬೇಕು. ಎರಡರದ್ದಕ್ಕೆ ಆರು ಮೆಟ್ಟಿಲು.

ಕಾಲೇಜಿನ ಬೋರ್ಡು ತಡೆದು ತಡೆದು ಬಿಕ್ಕುತ್ತಿದೆ. ಅದರಲ್ಲಿರುವುದು ಎರಡು. ಬೆನ್ನ ಮೇಲೆ ಗುಲಾಬಿ ಬೊಟ್ಟಿದೆ, ಬೊಟ್ಟಿನಡಿ ಎರಡು.

ಆ ಬೊಟ್ಟು ಇಟ್ಟವಳು ನಾನೇ. ಹೋದ ವರ್ಷ ಮೂರರದ್ದು ಸಿಗದೆ ಹೋದಾಗ ಒಂದಷ್ಟು ಎರಡಕ್ಕೆ ಗುಲಾಬಿ ಹಚ್ಚಿ ಆ ಡಬ್ಬಿಗೆ ಸುರಿದಿದ್ದೆ. ಎರಡಾದರೇನು, ಮೂರಾದರೇನು, ಎಂಟೇ ಕಾಲಲ್ಲವೇ ಎಂದು.

ಸೋಮವಾರ ಹೇಳಿದರಾಯಿತು.

ಮಾರ್ಚ್ ೧೮, ಸೋಮವಾರ

ಹೇಳಲಿಲ್ಲ.

ಹೇಳಬೇಕೆಂದೇ ಹೋಗಿದ್ದೆ. ಕಾಲೇಜು ಟ್ರಾನ್ಸ್‌ಫಾರ್ಮರನ್ನೇ ಬಿಚ್ಚಿ ಕೂತಿದ್ದಳು. ಐಸಿಗೆ ವೋಲ್ಟು ಸಾಲುತ್ತಿಲ್ಲ ಎಂದು ಕಂಡುಕೊಂಡಿದ್ದಾಳೆ, ಸುತ್ತು ಕಡಿಮೆಯಿರಬೇಕು ಎಂದುಕೊಂಡು ಕೂದಲೆಳೆಯ ತಂತಿಯನ್ನು ಒಂದೊಂದೇ ಸುತ್ತು ಎಣಿಸಿ ಬಿಚ್ಚುತ್ತಿದ್ದಳು. ಮಾವ ಬಂದು ನೋಡಿ, "ಇಷ್ಟು ಓದಿ ಇದೇನಮ್ಮಾ?" ಅಂದರು. ಮಗಳೇ ಅನ್ನಲಿಲ್ಲ. ಆ ಮಾತು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು ನೋಡಿ, ಬಾಯಿಗೆ ಚಿಲಕ ಬಿತ್ತು.

ಅವಳು ಮುಖ ತೊಳೆಯಲು ಹೋದಳು. ಬಹಳ ಹೊತ್ತು ನಲ್ಲಿಯ ಸದ್ದು ಬರುತ್ತಿತ್ತು.

ಮಾರ್ಚ್ ೧೯, ಮಂಗಳವಾರ

ಡಾಕ್ಟರು ಬಂದು ಕೂಗಾಡಿದರು. "ಒಂದು ವಾರ ಆಯ್ತು ಸಾರ್! ಅಡುಗೆಮನೆ ಕುರ್ಚಿ ಮೇಲೆ ಕೂರಿಸಿ ಹಲ್ಲು ಕೀಳ್ತಿದೀನಿ!" ಮಾವ ಬೋರ್ಡನ್ನು ಅವಳ ಮೇಜಿನಿಂದ ಎತ್ತಿ ನನ್ನ ಮುಂದೆ ಇಟ್ಟರು. "ನೋಡಮ್ಮ, ನೀನಾದ್ರೂ ನೋಡು."

ಟ್ರಾನ್ಸ್‌ಫಾರ್ಮರ್ ಹೊಸದು ಹಾಕಿದೆ. ಗುಲಾಬಿ ಡಬ್ಬಿಯನ್ನು ಬಚ್ಚಲಿಗೆ ಒಯ್ದು, ಬಣ್ಣ ಅಳಿಸುವ ದ್ರವದಲ್ಲಿ ಬೊಟ್ಟು ಒರೆಸಿ ನಿಜವಾದ ಮೂರು ಹುಡುಕಿದೆ. ಹಳೆಯದನ್ನು ಕಿತ್ತು ಇದನ್ನು ಹಾಕಿದೆ. ಎಲ್ಲರೂ ಸುತ್ತ ನಿಂತಿದ್ದರು. ಸ್ವಿಚ್ ಒತ್ತಿದೆ. ಟಿಕ್ ಇಲ್ಲ, ಹಸಿರು ದೀಪ ಹತ್ತಿತು. ಮಾವ ನನ್ನ ತಲೆಯ ಮೇಲೆ ಕೈ ಇಟ್ಟರು. "ಕೈಗುಣ ಅಂದ್ರೆ ಇದು."

ಹದಿನೇಳು ವರ್ಷದಲ್ಲಿ ಮೊದಲನೇ ಸಲ. ತಲೆ ಎತ್ತಿ ನೋಡಲು ಆಗಲಿಲ್ಲ.

ಕಿತ್ತ ಐಸಿಯನ್ನು ಬಿಸಾಡಲು ಮನಸ್ಸು ಬರಲಿಲ್ಲ. ಈ ಪುಟಕ್ಕೆ ಟೇಪಿನಲ್ಲಿ ಅಂಟಿಸಿದ್ದೇನೆ.

ಮಾರ್ಚ್ ೨೦, ಬುಧವಾರ

ಮೊದಲನೇ ಮೇಜು ನನ್ನದು. ಮಾವ ಬೆಳಿಗ್ಗೆ ಹೇಳಿದರು. ಕೈ ಇರುವ ಕುರ್ಚಿಯಲ್ಲಿ ಕೂತೆ. ಎತ್ತರ ಜಾಸ್ತಿ, ಕಾಲು ನೆಲಕ್ಕೆ ಸರಿಯಾಗಿ ಮುಟ್ಟುವುದಿಲ್ಲ.

ಮಧ್ಯಾಹ್ನ ಕಾಲೇಜು ಬಂದು ನಿಂತಳು. ಕೈಯಲ್ಲಿ ಪುಸ್ತಕ, ಪೆನ್ನು.

"ಅಕ್ಕಾ, ಎಲ್ಲಿ ತಪ್ಪಿದೆ ನಾನು? ನೀವು ಕಣ್ಣು ಮುಚ್ಚಿ ಕೇಳ್ತೀರಲ್ಲ, ಏನು ಕೇಳಿಸ್ತು? ಬಯ್ದ್ರೂ ಪರವಾಗಿಲ್ಲ, ಹೇಳಿಕೊಡಿ."

"ಹಂಗೆಲ್ಲ ಹೇಳೋಕೆ ಬರಲ್ಲ. ಅನುಭವ," ಅಂದೆ.

ತಲೆ ಆಡಿಸಿದಳು. ಪುಸ್ತಕ ಮುಚ್ಚಿದಳು. ಸಂಜೆ ಅಮ್ಮನ ಮನೆಗೆ ಹೋದಳು, ನಾಲ್ಕು ದಿನ ಇದ್ದು ಬರುತ್ತಾಳಂತೆ. ಓದಿದ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿದಳು ಎಂದು ಮಗಳು ಹೇಳಿದಳು. ನಾಲ್ಕು ದಿನಕ್ಕೆ ಅಷ್ಟು ಪುಸ್ತಕ ಯಾಕೆ?

ಮಾರ್ಚ್ ೨೨, ಶುಕ್ರವಾರ

"ಆ ಡಬ್ಬಿಯಲ್ಲಿ ಏನಿದೆ?" ಎಂದು ಇವರು ಗುಲಾಬಿ ಐಸಿಗಳ ಮಾತ್ರೆ ಡಬ್ಬಿ ತೋರಿಸಿ ಸುಮ್ಮನೆ ಕೇಳಿದರು. "ಏನೂ ಇಲ್ಲ! ಏನಿರುತ್ತೆ?" ಎಂದು ಹಾರಿಬಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಪಾಪ, ಅವರಿಗೆ ತಲೆನೋವಿನ ಮಾತ್ರೆ ಬೇಕಿತ್ತು.

ಮಾರ್ಚ್ ೨೪, ಭಾನುವಾರ

ಬೆಳಿಗ್ಗೆ ತಿಂಡಿ ತಿನ್ನುವಾಗ ಬಿಕ್ಕಳಿಕೆ ಶುರುವಾಯಿತು. ನೀರು ಕುಡಿದೆ, ಉಸಿರು ಹಿಡಿದೆ, ನಿಲ್ಲಲಿಲ್ಲ. "ಅಮ್ಮಾ, ಯಾರೋ ನೆನೆಸ್ಕೊಳ್ತಿದಾರೆ, ಸರಿಯಾದ ಹೆಸರು ಹೇಳಿದ್ರೆ ನಿಲ್ಲತ್ತೆ," ಅಂದಳು ಮಗಳು. ಅಮ್ಮ ಅಂದೆ. ತಮ್ಮ ಅಂದೆ. ಗೆಳತಿ, ದೊಡ್ಡಮ್ಮ, ಹಲ್ಲಿನ ಡಾಕ್ಟರು. ಹೆಸರುಗಳೆಲ್ಲ ಮುಗಿದವು. ಮಗಳು ನಕ್ಕು ನಕ್ಕು, "ಚಿಕ್ಕಮ್ಮನ ಹೆಸರು ಒಂದನ್ನ ಬಿಟ್ಟು ಎಲ್ಲಾ ಹೇಳ್ದೆ," ಅಂದಳು.

ಹನ್ನೊಂದಕ್ಕೂ ನಿಂತಿರಲಿಲ್ಲ. ಎದೆ ನೋಯುತ್ತಿತ್ತು. ಈ ಪುಸ್ತಕ ತೆಗೆದು ಟೇಪು ಕಿತ್ತೆ. ಬೊಟ್ಟು ಒರೆಸಿದೆ. ಎರಡು. ಬೊಟ್ಟಿನಡಿ ಎರಡೆಂದು ಅಂದೇ ಬರೆದಿದ್ದೆ, ಕಣ್ಣಾರೆ ಓದಿದ್ದು ಈಗಲೇ.

ಫೋನು ಮಾಡಿದೆ. ಅವಳು ಎತ್ತಿದಳು. ಹೆಸರು ಹಿಡಿದು ಕರೆದೆ, ಎಂಟು ತಿಂಗಳಲ್ಲಿ ಮೊದಲ ಸಲ ಇರಬೇಕು, ಅವಳು ಗಾಬರಿಯಾಗಿ, "ಮಾವ ಹುಷಾರಾಗಿದಾರಾ?" ಎಂದು ಕೇಳಿದಳು. ಎಲ್ಲ ಹೇಳಿದೆ. ಬೊಟ್ಟು, ಡಬ್ಬಿ, ಜೆರಾಕ್ಸು, ವಾರದ ಹಿಂದೆಯೇ ಗೊತ್ತಾಗಿದ್ದದ್ದು, ಬಚ್ಚಲಲ್ಲಿ ಒರೆಸಿದ್ದು.

"ಟ್ರಾನ್ಸ್‌ಫಾರ್ಮರ್ ಅನುಮಾನಿಸ್ದೆ," ಅಂದಳು. "ನನ್ನ ಲೆಕ್ಕ ಅನುಮಾನಿಸ್ದೆ. ಓದಿದ್ದೆಲ್ಲ ಸುಳ್ಳು ಅಂದ್ಕೊಂಡೆ. ನಿಮ್ಮ ಡಬ್ಬಿ ಒಂದನ್ನೇ ಅಕ್ಕಾ ನಾನು ಅನುಮಾನಿಸ್ದೇ ಇದ್ದಿದ್ದು."

ಫೋನು ಇಟ್ಟಳು.

ಬಿಕ್ಕಳಿಕೆ ಯಾವಾಗ ನಿಂತಿತೋ ತಿಳಿಯಲಿಲ್ಲ.

ಮಾರ್ಚ್ ೨೫, ಸೋಮವಾರ

ಮಾವನಿಗೂ ಹೇಳಿದೆ. ಐಸಿಯನ್ನು ಅವರ ಅಂಗೈಯಲ್ಲಿಟ್ಟೆ. ಭೂತಗನ್ನಡಿ ಹಿಡಿದು ನೋಡಿದರು.

"ಎರಡಾದ್ರೇನು ಮೂರಾದ್ರೇನು ಅಂತ ನಿಂಗೆ ಹೇಳಿಕೊಟ್ಟೋನು ನಾನೇ," ಅಂದರು. ಅದು ನಿಜ, ನನಗೆ ಮರೆತೇ ಹೋಗಿತ್ತು. ಒಂದು ಕ್ಷಣ ಹಗುರಾಯಿತು. "ಡಬ್ಬಿ ತಪ್ಪು ನಂದು ಅಂತಿಟ್ಕೋ. ಬಾಯಿ ಮುಚ್ಕೊಂಡಿದ್ದು ಯಾರದ್ದು?"

ಕುರ್ಚಿಯಿಂದ ಎದ್ದು ನನ್ನ ಸ್ಟೂಲಿಗೆ ಬಂದೆ. ಕಾಲು ನೆಲಕ್ಕೆ ಮುಟ್ಟಿತು.

ಮಾರ್ಚ್ ೩೦, ಶನಿವಾರ

ಅವಳು ಗುರುವಾರ ಬಂದಳು. ಪುಸ್ತಕದ ಚೀಲ ಬರಲಿಲ್ಲ. ಎರಡು ದಿನ ನನ್ನ ಜೊತೆ ಕೆಲಸದ ಮಾತು ಬಿಟ್ಟು ಇನ್ನೊಂದು ಆಡಲಿಲ್ಲ. ಆಡಲಿ ಎಂದು ಕೇಳುವ ಮುಖವೂ ನನಗಿಲ್ಲ. ಗುಲಾಬಿ ಡಬ್ಬಿ ತೆಗೆದುಕೊಂಡು ಹೋಗಿ ಎಲ್ಲ ಬೊಟ್ಟು ಒರೆಸಿದಳು. ಇಪ್ಪತ್ತಮೂರರಲ್ಲಿ ಒಂಬತ್ತು ಎರಡಿದ್ದವು.

ಇವತ್ತು ಮಾವ ಮೊದಲನೇ ಮೇಜು ಅವಳಿಗೆ ಕೊಟ್ಟರು. ಹೊಟ್ಟೆ ಉರಿಯಿತು. ನನ್ನ ಪುಸ್ತಕದಲ್ಲಿ ನಾನು ಸುಳ್ಳು ಯಾಕೆ ಬರೆಯಲಿ, ಚೆನ್ನಾಗಿಯೇ ಉರಿಯಿತು. ಅವಳು ಕೂತ ಕೂಡಲೇ ಕುರ್ಚಿಯ ಎತ್ತರ ಇಳಿಸಿದಳು. ಅದಕ್ಕೊಂದು ಹಿಡಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಊಟವಾದ ಮೇಲೆ ಬಿಕ್ಕಳಿಕೆ ಬೋರ್ಡೊಂದು ಬಂತು. ಮೊದಲನೇ ಮೇಜಿನವರು ಹಂಚಬೇಕು. ಅವಳು ಅದನ್ನು ಎತ್ತಿಕೊಂಡು, ಇನ್ನೊಂದು ಸ್ಟೂಲು ಎಳೆದುಕೊಂಡು ಬಂದು ನನ್ನ ಪಕ್ಕ ಕೂತಳು. ಮುಖ ಇನ್ನೂ ಬಿಗಿಯಾಗಿಯೇ ಇತ್ತು. ಕರೆಂಟು ಕೊಟ್ಟಳು. ಟಿಕ್ ಶುರುವಾಯಿತು.

"ಆವತ್ತು ನಿಮ್ಮ ಹಂಗೇ ಕಣ್ಣು ಮುಚ್ಚಿ ಕೇಳ್ತಿದ್ದೆ, ನಿದ್ದೆ ಬಂದ್ರೆ ಮನೆಗೆ ಹೋಗು ಅಂದ್ರಿ," ಅಂದಳು, ಬೋರ್ಡನ್ನೇ ನೋಡುತ್ತ. "ಅಳತೆ ಮಾಡೋದು ಯಾರು ಬೇಕಾದ್ರೂ ಕಲಿತಾರೆ. ಇದು ನಂಗೆ ಬರಲ್ಲ. ಎಂಟು ತಿಂಗಳಿಂದ ಪ್ರಯತ್ನ ಪಡ್ತಿದೀನಿ." ಕಣ್ಣು ಮುಚ್ಚಿದಳು, ತಲೆ ಸ್ವಲ್ಪ ವಾಲಿಸಿದಳು. "ಏನು ಕೇಳಿಸಬೇಕು, ಹೇಳಿ."

ನಾನೂ ಕಣ್ಣು ಮುಚ್ಚಿದೆ.

"ಟಿಕ್ ಬಿಟ್ಟುಬಿಡು," ಅಂದೆ. "ಮಧ್ಯದ ಮೌನ ಎಣಿಸು."